ಗಂಗಾಬಾಯಿ ಬಿಟ್ಟ ಜಾಗ

ಸ್ಲ್ಯಾಬ್ ಹಾಕುವ ದಿನ ಗಂಗಾಬಾಯಿ ಲೈನಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲುತ್ತಾಳೆ. ಆ ಜಾಗ ಅವಳ ಮಗ ಕಾರ್ತಿಕನದು. ಕಾರ್ತಿಕ ಸತ್ತು ಎರಡು ವರ್ಷವಾಯಿತು.

ಲೈನು ಅಂದರೆ ಏನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ತಲೆಯ ಮೇಲಿನ ಛಾವಣಿ ಅಲ್ಲಿಗೆ ಹೇಗೆ ಹೋಯಿತು ಅಂತ ನೀವ್ಯಾಕೆ ಕೇಳುತ್ತೀರಿ? ಈಗ ಕೇಳಿ. ಇದು ಹೈದರಾಬಾದು. ಕೂಕಟ್‌ಪಲ್ಲಿಯ ಗಲ್ಲಿಗಳು ಸಣ್ಣವು. ಕಾಂಕ್ರೀಟು ಪಂಪಿನ ದೊಡ್ಡ ಗಾಡಿ ಒಳಗೆ ಬರುವುದಿಲ್ಲ. ಮಿಕ್ಸರ್ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಿನ ಅಂತಸ್ತಿನವರೆಗೆ ಮೆಟ್ಟಿಲುಗಳ ಮೇಲೆ ನಾವು ನಿಲ್ಲುತ್ತೇವೆ, ಗಂಡು ಹೆಣ್ಣು ಬೆರೆತು, ಒಬ್ಬರ ಕೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಕಾಂಕ್ರೀಟಿನ ಮಾಲು ತುಂಬಿದ ಕಬ್ಬಿಣದ ಪುಟ್ಟಿ ಕೈಯಿಂದ ಕೈಗೆ ಮೇಲೆ ಹೋಗುತ್ತದೆ. ಖಾಲಿ ಪುಟ್ಟಿ ಹಾರುತ್ತ ಕೆಳಗೆ ಬರುತ್ತದೆ. ಬೆಳಿಗ್ಗೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಹಾಕಿದ ಮಾಲು ಗಟ್ಟಿಯಾಗುತ್ತದೆ. ಹೊಸ ಮಾಲು ಅದಕ್ಕೆ ಕೂಡುವುದಿಲ್ಲ. ಮಳೆಗಾಲದಲ್ಲಿ ಮನೆ ಸೋರುತ್ತದೆ. ಮಾಲೀಕರ ಮನೆ ಸೋರಬಾರದು ಅಂತ ನಾವು ಉಚ್ಚೆ ಬಂದರೂ ಬಿಗಿಹಿಡಿದು ನಿಲ್ಲುತ್ತೇವೆ. ಹೊಟ್ಟೆಯಲ್ಲಿ ಕೂಸಿದ್ದರೂ ನಿಲ್ಲುತ್ತೇವೆ. ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ. ಸಂಜೆ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರೆ ಖಾರ ಮೊದಲು ಕೈಗೆ ಹತ್ತುತ್ತದೆ, ಬಾಯಿಗೆ ಆಮೇಲೆ.

ನಾನು ಹಂಪಮ್ಮ. ಕೊಪ್ಪಳದ ಕಡೆಯವಳು. ಗಂಡ ದ್ಯಾವಪ್ಪ ಕೆಳಗೆ ಮಿಕ್ಸರಿಗೆ ಜಲ್ಲಿ ಕಂಕರು ಹೊರುತ್ತಾನೆ. ನಾನು ಲೈನಿನಲ್ಲಿ ಗಂಗಾಬಾಯಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಲ್ಲುತ್ತೇನೆ. ಮೊದಲು ನಮ್ಮಿಬ್ಬರ ನಡುವೆ ಕಾರ್ತಿಕ ಇದ್ದ. ಈಗ ಗಂಗಾಬಾಯಿ ಪುಟ್ಟಿ ಎತ್ತಿ, "ಹಿಡಿ ಮಗಾ," ಅನ್ನುತ್ತಾಳೆ. ಮೈ ಚಾಚುತ್ತಾಳೆ. ನಾನೂ ಚಾಚುತ್ತೇನೆ. ಅಷ್ಟು ದೂರ ಚಾಚಿ ಹಿಡಿದರೆ ಪುಟ್ಟಿ ಭಾರ ಅನ್ನಿಸಬೇಕು. ಅನ್ನಿಸುವುದಿಲ್ಲ. ನಡುವೆ ಯಾರೋ ಅಡಿಗೆ ಕೈ ಕೊಟ್ಟ ಹಾಗೆ ಹಗುರಾಗಿ ಬರುತ್ತದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದ್ದರೆ ನಮ್ಮ ಮೇಸ್ತ್ರಿ ಅದಕ್ಕೂ ಕೂಲಿ ಮುರಿದುಕೊಳ್ಳುತ್ತಿದ್ದ.

ಮೇಸ್ತ್ರಿಯ ಹೆಸರು ಗುರುಶಾಂತ. ಅವನು ಒಬ್ಬೊಬ್ಬರಿಗೆ ಮುಂಗಡ ಕೊಡುವುದಿಲ್ಲ. ಜೋಡಿಗೆ ಕೊಡುತ್ತಾನೆ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಮುಂಗಡ ತೀರುವ ತನಕ ಆ ಜೋಡಿ ಅವನದು. ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ. ಜೋಡಿಯಲ್ಲಿ ಒಬ್ಬರು ಬಿದ್ದರೆ ಅವರ ಜಾಗಕ್ಕೆ ಮನೆಯ ಇನ್ನೊಬ್ಬರು ಬರಬೇಕು. ಎತ್ತಿನ ಜೋಡಿಗೆ ಇರುವ ಕಾಯಿದೆಯೇ ನಮಗೂ.

ಗಂಗಾಬಾಯಿ ಮತ್ತು ಅವಳ ಗಂಡ ಮೌನಪ್ಪ ಮಗನ ಡಿಪ್ಲೊಮಾ ಕಾಲೇಜಿಗೆ ಅಂತ ಅವನ ಹತ್ತಿರ ಮುಂಗಡ ತಗೊಂಡಿದ್ದರು. ಹುಡುಗ ಎರಡನೇ ವರ್ಷದಲ್ಲಿದ್ದಾಗ ಮೌನಪ್ಪನ ಎದೆ ಸಿಮೆಂಟಿನ ಧೂಳಿನಿಂದ ಕಟ್ಟಿಕೊಂಡಿತು. ಕೆಮ್ಮಿ ಕೆಮ್ಮಿ ಸತ್ತ. ದಿನಕರ್ಮ ಮಾಡಿದ ಮರುದಿನವೇ ಗುರುಶಾಂತ ಬಾಗಿಲಿಗೆ ಬಂದ. "ಜೋಡಿ ತುಂಬಸ್ರಿ," ಅಂದ. ಕಾರ್ತಿಕ ಕಾಲೇಜಿನ ಚೀಲವನ್ನು ಮೊಳೆಗೆ ಸಿಗಿಸಿ ಲೈನಿಗೆ ಬಂದ. ನನ್ನ ಪಕ್ಕ ನಿಂತು, "ಸಣ್ಣವ್ವ, ಪರೀಕ್ಷಿ ಬರೂತನಾ ಅಷ್ಟ. ಆಮ್ಯಾಲ ನಾ ಇಲ್ಲಿ ಇರಂಗಿಲ್ಲ ನೋಡು," ಅಂದ. ಪುಟ್ಟಿ ಹೊರಬಾರದು ಅಂತ ಮಾಡಿದ ಸಾಲವೇ ಅವನ ಕೈಗೆ ಪುಟ್ಟಿ ಕೊಟ್ಟಿತು.

ಅವತ್ತು ಅವನು ಮೆಟ್ಟಿಲು ತಿರುಗುವಲ್ಲಿ ನಿಂತಿದ್ದ. ಬೆನ್ನ ಹಿಂದೆ ಇನ್ನೂ ಗೋಡೆ ಕಟ್ಟಿರಲಿಲ್ಲ. ಪುಟ್ಟಿ ಕೊಟ್ಟ. ನಾನು ಹಿಡಿದು ಮೇಲಿನವರಿಗೆ ದಾಟಿಸಿದೆ. ತಿರುಗಿ ನೋಡಿದರೆ ಅವನಿಲ್ಲ. ಕೂಗಲೂ ಇಲ್ಲ. ಕೆಳಗಿನಿಂದ ಸದ್ದು ಮಾತ್ರ ಬಂತು. ಗಂಗಾಬಾಯಿ ಬಾಯಿ ಬಡಿದುಕೊಳ್ಳುತ್ತ ಇಳಿದು ಓಡಿದಳು. ಮಿಕ್ಸರ್ ತಿರುಗುತ್ತಲೇ ಇತ್ತು. ಗುರುಶಾಂತ, "ಲೈನ್ ಮತ್ ತೋಡೋ!" ಲೈನು ಮುರಿಯಬೇಡಿ ಎಂದು ಕಿರುಚಿ ತಾನೇ ಹಾರಿ ಬಂದು ಕಾರ್ತಿಕನ ಜಾಗದಲ್ಲಿ ನಿಂತ. ಅವನು ಪುಟ್ಟಿ ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪ್ರತಿ ಪುಟ್ಟಿಗೂ ಅವನ ಬೆರಳಿನ ಉಂಗುರ ಅಂಚಿಗೆ ತಾಗಿ ಟಣ್ ಅನ್ನುತ್ತಿತ್ತು. ಹುಡುಗ ಆಟೋದಲ್ಲೇ, ದವಾಖಾನೆ ಮುಟ್ಟುವ ಮೊದಲೇ ಹೋದ. ಸಂಜೆ ಸ್ಲ್ಯಾಬು ಮುಗಿಯಿತು. ಮಾಲೀಕರು ಲಾಡು ಹಂಚಿದರು. ಸ್ಲ್ಯಾಬು ಮುಗಿದರೆ ಲಾಡು ಹಂಚುವುದು ಪದ್ಧತಿ.

ಗುರುಶಾಂತ ಈಗಲೂ ಎಲ್ಲರ ಮುಂದೆ ಹೇಳುತ್ತಾನೆ: "ಮಗ ಸತ್ತಾನಂತ ಗಂಗಾಬಾಯಿಗೆ ಬಡ್ಡಿ ಬಿಟ್ಟೀನಿ." ಅಸಲಿಗೆ ಅವಳು ಇನ್ನೂ ಪುಟ್ಟಿ ಎತ್ತುತ್ತಿದ್ದಾಳೆ. ಮಗನ ಜಾಗ ಬಿಟ್ಟು ನಿಂತಾಗ ಮೊದಮೊದಲು ಅವನು ಬೈದ. ಅವಳು ಸರಿಯಲಿಲ್ಲ. ಆಮೇಲೆ ಸುಮ್ಮನಾದ. ಕನಿಕರ ಅಂತ ನಾವು ತಿಳಿದಿದ್ದೆವು.

ಇನ್ನು ನನ್ನ ಮಗಳ ಮಾತು.

ಗುರುದೇವಿ ಓದಿದ್ದೆಲ್ಲ ಇಲ್ಲೇ. ನಾಚಾರಂನ ಕಾರ್ಖಾನೆಗಳ ಹಿಂದೆ ನಮ್ಮ ತಗಡಿನ ಖೋಲಿಗಳಿವೆ. ನಮ್ಮದಕ್ಕೂ ಗಂಗಾಬಾಯಿಯದಕ್ಕೂ ನಡುವೆ ಒಂದೇ ತಗಡು. ಕಾರ್ತಿಕ ಆ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಇವಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಆ ಲೆಕ್ಕಗಳು ಇನ್ನೂ ಅಲ್ಲಿವೆ. ಗಂಗಾಬಾಯಿ ಒರೆಸಲು ಬಿಡುವುದಿಲ್ಲ. ಇವಳು ಸರಕಾರಿ ಕಾಲೇಜಿನಲ್ಲಿ ಇಂಟರ್, ನಮ್ಮ ಕಡೆಯ ಪಿಯುಸಿ, ಮುಗಿಸಿದಳು. ಒಳ್ಳೆಯ ಮಾರ್ಕು ಬಂತು. ಊರ ಹೊರಗಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸು ಕೇಳಿ ದ್ಯಾವಪ್ಪ ನೆಲಕ್ಕೆ ಕೂತ.

ನಮ್ಮ ಜಾತಿಯವರಿಗೆ ಫೀಸು ಸರಕಾರ ಕೊಡುತ್ತದೆ ಅಂತ ಯಾರೋ ಹೇಳಿದರು. ಕೂಲಿ ಬಿಟ್ಟು ಕಚೇರಿಗೆ ಹೋದೆವು. ಕಿಟಕಿಯ ಒಳಗಿದ್ದವನು ನಮ್ಮ ಕಾಗದ ತಿರುಗಿಸಿ ನೋಡಿ, "ಮೀದಿ ಕರ್ನಾಟಕ ಕದಮ್ಮಾ," ಅಂದ. ನಿಮ್ಮದು ಕರ್ನಾಟಕದ ಜಾತಿ, ಇಲ್ಲಿ ನಡೆಯುವುದಿಲ್ಲ ಅಂದ. ಊರಿನ ಕಚೇರಿಗೆ ಫೋನು ಮಾಡಿ ಕೇಳಿದರೆ, ಹುಡುಗಿ ಓದಿದ್ದು ತೆಲಂಗಾಣದಲ್ಲಿ, ಇಲ್ಲಿ ನಡೆಯುವುದಿಲ್ಲ ಅಂದರು. ಗಡಿ ದಾಟುವಾಗ ನಮ್ಮ ಜಾತಿ ಎಲ್ಲೋ ಬಿದ್ದು ಹೋಗುತ್ತದಂತೆ. ಬಾಡಿಗೆಗೆ ಮನೆ ಕೇಳಲು ಹೋದಾಗ ಮಾತ್ರ ಅದು ಮತ್ತೆ ಬಂದು ಮೈಗೆ ಹತ್ತಿಕೊಳ್ಳುತ್ತದೆ. ಥೂ! ಬ್ಯಾಂಕಿಗೂ ಹೋದೆವು. ಸಂಬಳದ ಚೀಟಿ ಎಲ್ಲಿ, ಸ್ವಂತ ಮನೆಯ ಕಾಗದ ಎಲ್ಲಿ ಅಂದರು. ಹೈದರಾಬಾದಿನಲ್ಲಿ ನಾನು ಎತ್ತಿದ ಮನೆಗಳನ್ನು ತೋರಿಸಲಿ ಅಂದರೆ ತೋರಿಸುತ್ತಿದ್ದೆ.

ಫೀಸು ಕಟ್ಟಲು ಗುರುವಾರ ಕಡೆಯ ದಿನ. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಉಂಡು ಕೂತಾಗ ದ್ಯಾವಪ್ಪ ಬಾಯಿ ಬಿಟ್ಟ.

"ಗುರುಶಾಂತ ಧಣೀನ ಕೇಳೂಣು."

"ಅವನ ರೊಕ್ಕ ಬ್ಯಾಡ," ಅಂದೆ. ನಮ್ಮ ಹಳೆಯ ಮುಂಗಡ ಆಗಷ್ಟೇ ತೀರಿತ್ತು.

"ಮತ್ತ ಯಾರ ರೊಕ್ಕ ಐತಿ? ನಿಮ್ಮಪ್ಪ ಬಿಟ್ಟು ಹೋಗ್ಯಾನೇನು?"

"ಕಾರ್ತಿಕನ್ನ ಮರತ್ಯಾ ನೀ?"

"ಮರತಿಲ್ಲ. ಹಂಗಂತ ಇಕಿನೂ ಪುಟ್ಟಿ ಹೊರಬೇಕೇನು? ಮೌನಪ್ಪ ಸತ್ತ ಅಂತ ನಾನೂ ಸಾಯ್ತೀನೇನು? ಗಟ್ಟಿ ಅದೀನಿ ನಾನು." ಹೀಗೆ ಹೇಳಿ ಕೆಮ್ಮಿದ. ಕೆಮ್ಮು ನಿಲ್ಲಿಸಲು ನೀರು ಕುಡಿದ. ನೀರು ಮೂಗಿಗೆ ಬಂತು.

"ಗಟ್ಟಿ ಅದಾನಂತ ಗಟ್ಟಿ!" ಅಂದೆ. "ಸಾಲ ಮಾಡೂಣು. ಊರಾಗಿನ ಮಂದಿ ಹತ್ರ ಕೇಳೂಣು, ಕಾಲ ಬೀಳೂಣು. ಅವನ ಹತ್ರ ಮಾತ್ರ ಬ್ಯಾಡ. ಅವನು ರೊಕ್ಕ ಕೊಡಂಗಿಲ್ಲ, ಮಂದೀನ ತಗೋತಾನ."

ಗುರುದೇವಿ ಬಾಗಿಲ ಹತ್ತಿರ ಕೂತು ಬಟ್ಟೆ ಹಿಂಡುತ್ತಿದ್ದಳು. ಬಕೆಟ್ಟು ದೂಡಿ ಎದ್ದು ನಿಂತಳು.

"ಊರಾಗಿನ ಮಂದಿ ಕೊಡ್ತಾರೇನು, ಯವ್ವಾ? ಅವರೂ ಇಲ್ಲೇ ಪುಟ್ಟಿ ಹೊರಾಕತ್ತಾರ. ನೀ ಸತ್ತವನ ಮುಖ ನೋಡಿ ನನ್ನ ಕಾಲೇಜ ಬ್ಯಾಡ ಅಂತಿ. ನಾ ಇನ್ನೂ ಸತ್ತಿಲ್ಲ. ನನ್ನ ಮುಖಾನೂ ಒಂದೀಟು ನೋಡು."

ನೋಡಿದೆ. ಅವಳು ಕೇಳುತ್ತಿದ್ದುದು ಬಂಗಾರ ಅಲ್ಲ. ಬಿಳಿ ಕೋಟು ಹಾಕಿ ದವಾಖಾನೆಯಲ್ಲಿ ನಿಲ್ಲಬೇಕು ಅನ್ನುತ್ತಿದ್ದಳು. ಕಾರ್ತಿಕ ಬಿದ್ದಾಗ ಅವನನ್ನು ಹೇಗೆ ಎತ್ತಬೇಕು ಅಂತ ಒಬ್ಬರಿಗೂ ಗೊತ್ತಿರಲಿಲ್ಲ ಅಂತ ಕೇಳಿದ ದಿನದಿಂದ ಅವಳಿಗೆ ಇದೇ ಹಠ. ಆ ಹಠಕ್ಕೆ ಬ್ಯಾಡ ಅನ್ನುವ ತಾಯಿ ಯಾವ ಸೀಮೆಯ ತಾಯಿ?

ಸಂಜೆ ಮೂವರೂ ಗುರುಶಾಂತನ ಮನೆಗೆ ಹೋದೆವು.

ಅವನೂ ನಮ್ಮ ತಾಲೂಕಿನವನೇ. ಊರಲ್ಲಿ ಅವರ ಮನೆಯ ಕಟ್ಟೆಯನ್ನು ನಾವು ಹತ್ತುವಂತಿಲ್ಲ. ಇಲ್ಲಿ ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು ಮಾಡಿದ್ದಾನೆ. "ಬರ್ರಿ, ಒಳಗ ಬರ್ರಿ. ಇದು ಹೈದ್ರಾಬಾದ. ಇಲ್ಲಿ ಅದೆಲ್ಲ ಇಲ್ಲ," ಅಂದ. ಒಳಗೆ ಹೋದೆವು. ಅವನಿಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ನಮಗೆ ಕಾಗದದ ಕಪ್ಪಿನಲ್ಲಿ ಬಂತು. ಕುಡಿದ ಮೇಲೆ ಕಪ್ಪು ಹಿಡಿದು ಕೂತೆವು. "ಹೋಗೂ ಮುಂದ ಹೊರಗಿನ ಡಬ್ಬ್ಯಾಗ ಹಾಕ್ರಿ," ಅಂತ ಅವನ ಹೆಂಡತಿ ಅಡುಗೆಮನೆಯಿಂದ ಹೇಳಿದಳು.

ದ್ಯಾವಪ್ಪ ಕೈ ಕಟ್ಟಿ ವಿಷಯ ಹೇಳಿದ. ಗುರುಶಾಂತ ಪೂರಾ ಕೇಳುವ ಮೊದಲೇ ನಕ್ಕ.

"ಓದಸ್ರಿ, ಓದಸ್ರಿ. ನಮ್ಮ ಕಡೀ ಮಂದಿ ಮುಂದ ಬರಬೇಕು. ರೊಕ್ಕದ ಚಿಂತಿ ಬಿಡು. ಆದ್ರ ದ್ಯಾವಪ್ಪ, ನಿನ್ನ ಎದಿ ಸೀಟಿ ಹೊಡಿಯಾಕತ್ತೈತಲ್ಲೋ. ನಾಳೆ ನಿನಗೇನರ ಆದ್ರ?"

"ಏನಾಗಂಗಿಲ್ರಿ ಧಣೇರ."

"ಆಗಬಾರದು. ನಾನೂ ದೇವರಿಗೆ ಅದನ್ನ ಬೇಡ್ತೀನಿ. ಆದ್ರ ಹಿಂದಿನ ಕೈ ಯಾವುದಂತ ನಾ ನೋಡಬೇಕಲ್ಲ." ಹಿಂದಿನ ಕೈ ಅಂದರೆ, ಜೋಡಿ ಮುರಿದರೆ ಬರುವ ಕೈ. ಅವನು ಗುರುದೇವಿಯ ಕಡೆ ನೋಡಿದ. ಮುಖ ನೋಡಲಿಲ್ಲ, ತೋಳು ನೋಡಿದ. "ಬುಧವಾರ ಸ್ಲ್ಯಾಬ್ ಐತಿ. ಹುಡುಗೀನ ಕರಕೊಂಡು ಬರ್ರಿ. ಒಂದಿನ ಲೈನಿನಾಗ ನಿಲ್ಲಲಿ. ಕೈ ನೋಡ್ತೀನಿ. ಸಂಜಿಗೆ ರೊಕ್ಕ ತಗೊಂಡು ಹೋಗ್ರಿ. ಗುರುವಾರ ಫೀಸ್ ಕಟ್ರಿ. ಆತಿಲ್ಲೋ?"

ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಕೊಳ್ಳುವವರನ್ನು ಕಂಡಿದ್ದೇನೆ. ಅವರೂ ಇಷ್ಟೇ ಪ್ರೀತಿಯಿಂದ ಮಾತಾಡುತ್ತಾರೆ.

"ಆತ್ರಿ ಧಣೇರ," ಅಂದ ದ್ಯಾವಪ್ಪ.

ಬಸ್ ಸ್ಟಾಪಿನಲ್ಲಿ ನಾನು ಗಂಡನ ಮುಖ ನೋಡಲಿಲ್ಲ. ಗುರುದೇವಿ ನನ್ನ ರಟ್ಟೆ ಹಿಡಿದಳು. "ಒಂದಿನ ಅಲ್ಲೇನು ಯವ್ವಾ? ನೀ ದಿನಾ ನಿಂದರತಿ. ನಾ ಒಂದಿನ ನಿಂತ್ರ ಏನ ಕಳಕೋತೀನಿ?" ಕಾರ್ತಿಕನೂ 'ಪರೀಕ್ಷಿ ಬರೂತನಾ ಅಷ್ಟ' ಅಂದಿದ್ದ.

ಗಂಗಾಬಾಯಿಗೆ ನಾನು ಏನೂ ಹೇಳಲಿಲ್ಲ. ಹೇಳಲು ಎದೆ ಬರಲಿಲ್ಲ. ಮಂಗಳವಾರ ಸಂಜೆ ಗುರುದೇವಿ ಅಂಗಳದಲ್ಲಿ ಅಪ್ಪನ ಹಳೆಯ ಅಂಗಿಯನ್ನು ಚೂಡಿದಾರದ ಮೇಲೆ ಹಾಕಿ ಅಳತೆ ನೋಡಿಕೊಂಡಳು. ಲೈನಿನ ಹೆಂಗಸರೆಲ್ಲ ಗಂಡಸರ ಅಂಗಿಯನ್ನೇ ಮೇಲೆ ಹಾಕುತ್ತೇವೆ. ಗಂಗಾಬಾಯಿ ನಳದಿಂದ ಕೊಡ ತುಂಬಿಕೊಂಡು ಬರುತ್ತಿದ್ದಳು. ನಿಂತಳು. ಅಂಗಿ ನೋಡಿದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತ‍ಗಡಿನ ಆಚೆಯಿಂದ ಅವಳ ದನಿ ಕೇಳಿತು. ಆ ಖೋಲಿಯಲ್ಲಿ ಅವಳೊಬ್ಬಳೇ ಇರುವುದು. "ಆತು, ಸುಮ್ನಿರು. ನಾ ಹೇಳ್ತೀನಿ," ಅನ್ನುತ್ತಿದ್ದಳು.

ಬುಧವಾರ ಮೇಸ್ತ್ರಿಯ ಟೆಂಪೋ ನಮ್ಮನ್ನು ತುಂಬಿಕೊಂಡು ಗಲ್ಲಿಯ ಬಾಯಲ್ಲಿ ಇಳಿಸಿತು. ಮನೆಯ ಮಾಲೀಕ ಜನಾರ್ದನ ಮೈಸೂರಿನವನು, ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಮೊದಲ ಪುಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. ನಮ್ಮ ಮಾತು ಕೇಳಿ, "ಓ, ನೀವೆಲ್ಲ ಕನ್ನಡದೋರಾ? ತುಂಬಾ ಖುಷಿಯಾಯ್ತು," ಅಂದ. ಬಾಟಲಿ ನೀರು ತರಿಸಿ ಕೊಟ್ಟ. ಕೆಟ್ಟವನಲ್ಲ.

ನಾವು ಮೆಟ್ಟಿಲು ಹತ್ತಿ ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಗಂಗಾಬಾಯಿ ಮೆಟ್ಟಿಲು ತಿರುಗುವ ಕಡೆ ಕೆಳಗೆ ನಿಂತಳು. ನಾನು ತಿರುವು ದಾಟಿ ಮೇಲೆ ನಿಂತೆ. ನಡುವೆ ಒಬ್ಬರ ಜಾಗ. ಅಲ್ಲಿಯೂ ಗೋಡೆ ಕಟ್ಟಿರಲಿಲ್ಲ. ಒಂದು ಹಸಿರು ಬಲೆ ಕಟ್ಟಿದ್ದರು. ಅದು ಗಾಳಿಗೆ ಉಬ್ಬುತ್ತಿತ್ತು.

ಗುರುಶಾಂತ ಮೇಲಿನ ಅಂತಸ್ತಿನಿಂದ ಬಗ್ಗಿ ನೋಡಿದ. "ಏ ಹುಡುಗಿ, ಅಲ್ಲಿ ನಿಂದ್ರು. ನಿಮ್ಮವ್ವನ ಕೆಳಗ. ಎರಡು ವರ್ಷ ಆ ಜಾಗಾ ಸುಮ್ನ ಬಿಟ್ಟೀನಿ. ಇವತ್ತು ತುಂಬಿತು." ಮಿಕ್ಸರಿನವನಿಗೆ, "ಚಲಾವ್!" ಎಂದು ಕೂಗಿದ.

ಗುರುದೇವಿ ಹೋಗಿ ಆ ಜಾಗದಲ್ಲಿ ನಿಂತಳು. ಬಲೆ ಅವಳ ಬೆನ್ನಿಗೆ ತಾಗಿತು. ಮಿಕ್ಸರ್ ಗುಡುಗಿತು. ಮೊದಲ ಪುಟ್ಟಿ ಕೆಳಗಿನಿಂದ ಕೈಯಿಂದ ಕೈಗೆ ಹತ್ತಿ ಬಂತು. ಗಂಗಾಬಾಯಿ ಹಿಡಿದಳು. "ಹಿಡಿ ಮಗಾ," ಎಂದು ತಿರುಗಿದಳು. ಎದುರಿಗೆ ಗುರುದೇವಿಯ ಎರಡು ಕೈ ಚಾಚಿದ್ದವು. ಮೆತ್ತನೆಯ ಕೈ. ಬೆರಳಿಗೆ ಪೆನ್ನಿನ ಮಸಿ.

ಗಂಗಾಬಾಯಿ ಪುಟ್ಟಿ ಕೊಡಲಿಲ್ಲ.

ಹಿಡಿದೇ ನಿಂತಳು. ಸಿಮೆಂಟಿನ ನೀರು ಅವಳ ಮೊಣಕೈ ಮೇಲಿಂದ ಇಳಿಯಿತು. ಕೆಳಗೆ ಎರಡನೇ ಪುಟ್ಟಿ ಬಂದು ನಿಂತಿತು. ಅದರ ಹಿಂದೆ ಮೂರನೆಯದು. "ಏಮೈಂದಿ?" ಏನಾಯಿತು ಎಂದು ಯಾರೋ ಕೆಳಗಿನಿಂದ ತೆಲುಗಿನಲ್ಲಿ ಕೇಳಿದರು.

"ಗಂಗಾ, ಏನ ನಾಟಕ ಹಚ್ಚಿ? ಕೊಡು!" ಗುರುಶಾಂತ ಕಿರುಚಿದ.

"ಜಾಗಾ ಖಾಲಿ ಇಲ್ಲ," ಅಂದಳು ಗಂಗಾಬಾಯಿ.

"ಯಾರದಾರ ಅಲ್ಲಿ?"

"ನಿನಗ ಗೊತ್ತೈತಿ ಯಾರದಾರಂತ." ಅವಳು ಪುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟಳು. "ಆ ಕೂಸಿನ ಕೈಗೆ ನಾ ಪುಟ್ಟಿ ಕೊಡಂಗಿಲ್ಲ. ಒಂದು ಕೂಸಿನ ಕೈಗೆ ಕೊಟ್ಟು ನೋಡೀನಿ. ಸಾಕು."

ಗುರುಶಾಂತ ನನ್ನ ಕಡೆ ತಿರುಗಿದ. ಅಂಗಿಯ ಜೇಬನ್ನು ಎರಡು ಸಲ ತಟ್ಟಿದ. ಜೇಬು ಉಬ್ಬಿತ್ತು. "ಹಂಪಮ್ಮ, ನೀ ಇಳದು ಆ ಪುಟ್ಟಿ ಎತ್ತು. ಮಗಳ ಕೈಯಾಗ ಕೊಡು. ಸಂಜಿಗೆ ರೊಕ್ಕ ಬೇಕೋ ಬ್ಯಾಡೋ?"

ದ್ಯಾವಪ್ಪ ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿ ಬಂದಿದ್ದ. "ಕೊಡ ಹಂಪಿ," ಅಂದ. ಅವನ ಕಣ್ಣಲ್ಲಿ ನೀರಿತ್ತು. "ಒಂದ ಪುಟ್ಟಿ ಅಲ್ಲ? ಕೊಟ್ಟಬಿಡು."

ಇಳಿದು ಪುಟ್ಟಿ ಎತ್ತಿದೆ. ಭಾರವಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಆ ಜಾಗದಲ್ಲಿ ಪುಟ್ಟಿ ಭಾರವಿತ್ತು. ಅಡಿಗೆ ಯಾವ ಕೈಯೂ ಇರಲಿಲ್ಲ. ತಿರುಗಿದೆ. ಗುರುದೇವಿ, "ತಾ ಯವ್ವಾ," ಎಂದು ಕೈ ಚಾಚಿದಳು. ಪುಟ್ಟಿ ಹಿಡಿಯಲು ಕಾಲು ಹಿಂದಕ್ಕಿಟ್ಟಳು. ಬಲೆ ಹೊರಗೆ ಉಬ್ಬಿತು. ಬಲೆಯ ಆಚೆ ಏನೂ ಇರಲಿಲ್ಲ. ಉಂಗುರದ ಸದ್ದು ನನ್ನ ಕಿವಿಯಲ್ಲಿ ಟಣ್ ಅಂದಿತು.

ಪುಟ್ಟಿ ಬಿಸಾಕಿದೆ. ಮಾಲು ಮೆಟ್ಟಿಲ ಮೇಲೆ ಚೆಲ್ಲಿತು. ಮಗಳ ಮುಂಗೈ ಹಿಡಿದು ಜಗ್ಗಿ ನನ್ನ ಹಿಂದೆ ನಿಲ್ಲಿಸಿಕೊಂಡೆ.

"ರೊಕ್ಕ ಬೇಕು," ಅಂದೆ ಗುರುಶಾಂತನಿಗೆ. "ಕೊಡು. ನಮ್ಮಿಬ್ಬರ ಮ್ಯಾಲ ಕೊಡು. ನಾವು ಇರೂತನಾ ದುಡದು ತೀರಸ್ತೀವಿ. ನಾವು ಸತ್ರ ನಿನ್ನ ಸಾಲಾನೂ ಸತ್ತಂಗ. ನನ್ನ ಮಗಳ ಕೈ ನೀ ನೋಡಬ್ಯಾಡ."

ಜನಾರ್ದನ ಪುಸಪುಸ ಹತ್ತಿ ಬಂದ. ಚೆಲ್ಲಿದ ಮಾಲು ನೋಡಿ ತಲೆಗೆ ಕೈ ಇಟ್ಟುಕೊಂಡ. "ಅಮ್ಮ, ಪ್ಲೀಸ್. ಸ್ಲ್ಯಾಬ್ ಮಧ್ಯೆ ನಿಲ್ಲಿಸ್ಬೇಡಿ. ಕೆಲಸ ಮುಗಿಸಿ ಆಮೇಲೆ ಮಾತಾಡ್ಕೊಳ್ಳಿ. ನಾನೂ ಸಾಲ ಮಾಡೇ ಕಟ್ಟಿಸ್ತಿರೋದು."

"ನಿಮ್ಮ ಸಾಲಕ್ಕ ನೀವು ಮನಿ ಒತ್ತಿ ಇಟ್ಟೀರಿ ಸಾಹೇಬ್ರ," ಅಂದೆ. "ನಮ್ಮ ಸಾಲಕ್ಕ ಇವರು ಮಗಳನ್ನ ಇಡು ಅಂತಾರ."

ಅವನು ಗುರುಶಾಂತನ ಮುಖ ನೋಡಿದ. ಗಡಿಯಾರ ನೋಡಿದ. ಮೇಲೆ ಹೋದ.

ಮಿಕ್ಸರ್ ತಿರುಗುತ್ತಿತ್ತು. ಅದರೊಳಗಿನ ಮಾಲು ಗಟ್ಟಿಯಾಗುವ ಹೊತ್ತು ಬರುತ್ತಿತ್ತು. ಗುರುಶಾಂತನಿಗೆ ಅದು ಗೊತ್ತು. ನಮಗೂ ಗೊತ್ತು. ಅವನ ದನಿ ಮೆತ್ತಗಾಯಿತು. "ಆತಬೇ, ಆತು. ನೀ ಹೇಳಿದಂಗ ಆಗಲಿ. ಹುಡುಗಿ ಬ್ಯಾಡ. ನಿಮ್ಮಿಬ್ಬರ ಮ್ಯಾಲ ಕೊಡ್ತೀನಿ. ಮೊದಲ ಪುಟ್ಟಿ ಎತ್ರಿ."

ದ್ಯಾವಪ್ಪನ ಮುಖ ಅರಳಿತು. ನನಗೂ ಒಂದು ಗಳಿಗೆ ಉಸಿರು ಬಂತು. ಗುರುದೇವಿ ನನ್ನ ಬೆನ್ನಿಗೆ ಹಣೆ ಒತ್ತಿದಳು.

"ಹಂಗಲ್ಲ," ಅಂದಳು ಗಂಗಾಬಾಯಿ. ಅವಳ ದನಿ ಜೋರಾಗಿರಲಿಲ್ಲ. "ಇಳದು ಬಾ. ಇಲ್ಲಿ ನಿಂತು ಹೇಳು. ಅವತ್ತು ನಿಂತಿದ್ದಿಯಲ್ಲ, ನನ್ನ ಮಗನ ಜಾಗದಾಗ? ಹಂಗ ನಿಂತು, ನಾವು ಸತ್ರ ಸಾಲ ಸತ್ತಂಗ ಅಂತ ಹೇಳು. ನಾ ಪುಟ್ಟಿ ಎತ್ತತೀನಿ."

"ಅದಕ್ಕೇನು," ಎಂದು ಗುರುಶಾಂತ ಇಳಿದ. ನಾನು ಮೊದಲು ನಿಂತಿದ್ದ ಮೆಟ್ಟಿಲು ದಾಟಿ ಬಂದ. ತಿರುವಿನ ಮೊದಲ ಮೆಟ್ಟಿಲಿಗೆ ಬಂದವನು ನಿಂತುಬಿಟ್ಟ. ಆ ಜಾಗ ಅವನಿಂದ ಒಂದು ಹೆಜ್ಜೆ ದೂರ. ಅವನು ನಮ್ಮನ್ನು ನೋಡಲಿಲ್ಲ. ಅದನ್ನೇ ನೋಡಿದ. ಅಲ್ಲಿ ಯಾರಾದರೂ ನಿಂತಿದ್ದರೆ ಅವರ ಮುಖ ಎಷ್ಟು ಎತ್ತರದಲ್ಲಿ ಇರುತ್ತಿತ್ತೋ ಅಷ್ಟು ಎತ್ತರಕ್ಕೆ ನೋಡಿದ. ಅವನ ಮೇಲ್ತುಟಿ ಬೆವರಿತು. ಕಾಲು ಎತ್ತಿದ. ಮತ್ತೆ ಅಲ್ಲೇ ಇಟ್ಟ.

"ಇದೇನು ಹುಚ್ಚಾಟ," ಅಂದ. "ಇಲ್ಲಿಂದ ಹೇಳಿದ್ರ ನಡಿಯಂಗಿಲ್ಲೇನು?"

"ನಡಿಯಂಗಿಲ್ಲ," ಅಂದಳು ಗಂಗಾಬಾಯಿ.

ಅವನು ನಿಂತೇ ಇದ್ದ. ಆಮೇಲೆ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದ.

ಎರಡು ವರ್ಷ ಆ ಜಾಗವನ್ನು ಅವನು ಕನಿಕರದಿಂದ ಬಿಟ್ಟಿರಲಿಲ್ಲ. ಹೆದರಿ ಬಿಟ್ಟಿದ್ದ. ಪುಟ್ಟಿ ನಡುವೆ ಹಗುರಾಗುವುದು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಅಲ್ಲಿ ಯಾರಿದ್ದಾರೆ ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ತನ್ನ ಕಾಲು ಇಡಲಾರದ ಜಾಗದಲ್ಲಿ ನನ್ನ ಮಗಳನ್ನು ನಿಲ್ಲಿಸಿದ್ದ. ಈ ಬಾಯಿಂದ ಬಂದ ಮಾತನ್ನು ನಂಬಿ ನಾನು ಸಾಲ ಮಾಡಬೇಕೇ? ನಾಳೆ ದ್ಯಾವಪ್ಪ ಸತ್ತರೆ ಇವನು ನನ್ನ ಬಾಗಿಲಿಗೆ ಬರುವುದಿಲ್ಲವೇ? ಬರುತ್ತಾನೆ. ದಿನ ಮಾಡಿದ ಮರುದಿನವೇ ಬರುತ್ತಾನೆ.

"ಬ್ಯಾಡ ನಿನ್ನ ರೊಕ್ಕ," ಅಂದೆ.

"ಹಂಪೀ!" ಅಂದ ದ್ಯಾವಪ್ಪ. ಮೆಟ್ಟಿಲ ಮೇಲೆ, ಚೆಲ್ಲಿದ ಮಾಲಿನಲ್ಲೇ ಕೂತುಬಿಟ್ಟ.

"ಬ್ಯಾಡ ಅಂದ್ನೆಲ್ಲ, ಏಳು."

ಗುರುಶಾಂತನಿಗೆ ದನಿ ವಾಪಸ್ಸು ಬಂತು. ನಮ್ಮ ಜಾತಿ ಹಿಡಿದು ಬೈದ. ಹೈದರಾಬಾದಿನಲ್ಲಿ ಅದೆಲ್ಲ ಇಲ್ಲ ಅಂದಿದ್ದನಲ್ಲ, ಎಲ್ಲ ಅವನ ಬಾಯಲ್ಲೇ ಇತ್ತು. ಮತ್ತೆ ಯಾವ ಲೈನಿನಲ್ಲೂ ನಿಲ್ಲಲು ಬಿಡುವುದಿಲ್ಲ ಅಂದ. ಗಂಗಾಬಾಯಿಗೆ, "ನಿನ್ನ ಬಾಕಿ?" ಅಂದ. ಅವಳು ಹಸಿರು ಬಲೆಯ ಕಡೆ ಕೈ ತೋರಿಸಿ, "ಅವನ ಹತ್ರ ಕೇಳ," ಅಂದಳು. ನಾವು ನಾಲ್ವರೂ ಇಳಿದೆವು. ಇನ್ನುಳಿದವರು ಪುಟ್ಟಿ ಕೆಳಗಿಟ್ಟು ದಾರಿ ಬಿಟ್ಟರು. ಎಲ್ಲರ ಮೇಲೂ ಮುಂಗಡವಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಗಲ್ಲಿಯ ಬಾಯಿ ಮುಟ್ಟುವಷ್ಟರಲ್ಲಿ ಗುರುಶಾಂತನ ಬೈಗುಳ ಕೇಳಿಸಿತು, ಪುಟ್ಟಿಗಳ ಸದ್ದು ಮತ್ತೆ ಶುರುವಾಯಿತು. ತಿರುಗಿ ನೋಡಿದೆ. ಮೆಟ್ಟಿಲು ತಿರುಗುವಲ್ಲಿ ಲೈನಿನವರು ಒಬ್ಬರ ಜಾಗ ಬಿಟ್ಟು ನಿಂತಿದ್ದರು. ಮೈ ಚಾಚಿ ಚಾಚಿ ಪುಟ್ಟಿ ದಾಟಿಸುತ್ತಿದ್ದರು. ಮಾಲು ಅರ್ಧ ಗಟ್ಟಿಯಾಗಿತ್ತು. ಆ ಮನೆ ಮಳೆಗಾಲದಲ್ಲಿ ಸೋರುತ್ತದೆ. ಸೋರಲಿ.

ಟೆಂಪೋ ಇರಲಿಲ್ಲ. ಸಿಕಂದರಾಬಾದಿನ ಬಸ್ಸು ಹತ್ತಿದೆವು. ಇಲ್ಲಿ ಬಸ್ಸು ಹೆಂಗಸರಿಗೆ ಪುಕ್ಕಟೆ. ಕಂಡಕ್ಟರ್ ನಮ್ಮ ಆಧಾರ್ ಕಾರ್ಡು ನೋಡಿ, ಕರ್ನಾಟಕದ್ದು, ಟಿಕೆಟ್ ತೆಗೆಸಿ ಅಂದ. ತೆಗೆಸಿದೆವು. ನಾಳೆ ಆ ಕಚೇರಿಯ ಕಿಟಕಿಗೆ ಮತ್ತೆ ಹೋಗುತ್ತೇನೆ. ಈ ಊರಿನ ಛಾವಣಿ ಎತ್ತುವಾಗ ನನ್ನ ಕೈ ಯಾವ ರಾಜ್ಯದ್ದು ಅಂತ ಯಾರೂ ಕೇಳಲಿಲ್ಲ, ಈಗ ಯಾಕೆ ಕೇಳುತ್ತೀರಿ ಅಂತ ಕೇಳುತ್ತೇನೆ. ಅವನು ಕಿಟಕಿ ಮುಚ್ಚುತ್ತಾನೆ. ಮುಚ್ಚಲಿ, ಮತ್ತೆ ಹೋಗುತ್ತೇನೆ. ಆದರೆ ಗುರುವಾರ ನಿಲ್ಲುವುದಿಲ್ಲ. ಈ ಸಲದ ಸೀಟು ಹೋಯಿತು. ಅದನ್ನು ನಾನೇ ಕಳೆದೆ.

ದ್ಯಾವಪ್ಪ ಹಿಂದೆ ಗಂಡಸರ ಕಡೆ ಹೋಗಿ ಕಿಟಕಿಗೆ ಮುಖ ಹಾಕಿ ಕೂತ. ಹೆಂಗಸರ ಉದ್ದ ಸೀಟಿನ ಮೂಲೆಯಲ್ಲಿ ಗಂಗಾಬಾಯಿ ಕೂತಳು. ಒಬ್ಬರ ಜಾಗ ಬಿಟ್ಟು ನಾನು ಕೂತೆ. ಬಸ್ಸಿನಲ್ಲೂ ಅವಳು ಬಿಡುತ್ತಾಳೆ. ಗುರುದೇವಿ ಕಂಬ ಹಿಡಿದು ನಿಂತಿದ್ದಳು. ಅಪ್ಪನ ಅಂಗಿ ಇನ್ನೂ ಮೈ ಮೇಲಿತ್ತು. ಅಳು ತಡೆದು ತಡೆದು ಕಡೆಗೆ ಒಡೆಯಿತು.

"ನನ್ನ ಸೀಟ ಹೋತು. ನಿನ್ನಿಂದ ಹೋತು ಯವ್ವಾ. ಅವನು ಕೊಡ್ತೀನಿ ಅಂದ. ನೀ ಬ್ಯಾಡ ಅಂದಿ. ದೆವ್ವದ ಮಾತು ಕೇಳಿ ನನ್ನ ಬಾಳೇ ಮುರದಿ. ಇನ್ನ ನಾ ಏನ ಮಾಡ್ಲಿ? ಹೇಳು, ಏನ ಮಾಡ್ಲಿ?"

ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಬೈ," ಅಂದೆ. "ಎಷ್ಟು ಬೈತಿ ಬೈ. ವರ್ಷಗಟ್ಲೆ ಬೈ. ಜೀವ ಇಟಗೊಂಡು ಬೈ, ಅಷ್ಟ ಸಾಕು ನನಗ."

ಗಂಗಾಬಾಯಿ ಅವಳ ಅಂಗಿಯ ಚುಂಗು ಹಿಡಿದು ಜಗ್ಗಿದಳು. ನಮ್ಮಿಬ್ಬರ ನಡುವಿನ ಜಾಗವನ್ನು ಅಂಗೈಯಿಂದ ತಟ್ಟಿದಳು. "ಇಲ್ಲಿ ಕುಂದ್ರು."

ನಾನು ಬೆಚ್ಚಿದೆ. "ಅಕ್ಕಾ, ಅದು..."

"ಲೈನಿನಾಗ ನಿಂದರಬಾರದು. ಇಲ್ಲಿ ಕುಂದರಬೌದು," ಅಂದಳು. "ಅವನೇ ಹೇಳ್ಯಾನ."

ಗುರುದೇವಿ ಕೂತಳು. ಕೂತು ನನ್ನನ್ನು ಬೈದಳು. ಅಪ್ಪನನ್ನು ಬೈದಳು, ಮೇಸ್ತ್ರಿಯನ್ನು ಬೈದಳು, ಕಚೇರಿಯ ಕಿಟಕಿಯವನನ್ನು ಬೈದಳು. ಕಾರ್ತಿಕನನ್ನೂ ಬಿಡಲಿಲ್ಲ. ಯಾಕೆ ಅವತ್ತು ಒಲ್ಲೆ ಅನ್ನಲಿಲ್ಲ ಅಂತ ಅವನನ್ನು ಎಲ್ಲರಿಗಿಂತ ಜೋರಾಗಿ ಬೈದಳು. ಗಂಗಾಬಾಯಿ ಕಣ್ಣು ಮುಚ್ಚಿ, ಸೀಟಿಗೆ ತಲೆ ಆನಿಸಿ ಕೇಳುತ್ತಿದ್ದಳು. ದಣಿದು ಗುರುದೇವಿ ಬಾಯಿ ಮುಚ್ಚಿದಾಗ ಕಣ್ಣು ತೆರೆದಳು.

"ನಿಲ್ಲಸಬ್ಯಾಡ ಮಗಳ," ಅಂದಳು. "ಇನ್ನಾ ಬೈ."